ಕೌದಿ ತಿಂದಾಕಿ

ಧಾರವಾಡದ ಮಾಳಮಡ್ಡಿಯ ಆ ಮನೆಯಲ್ಲಿ ನೀಲವ್ವನಿಗೆ ಎರಡು ಹೆಸರು. ಅವ್ವ ದಾನವ್ವ ಕರೆಯುವಾಗ ನೀಲಾ. ದೊಡ್ಡವ್ವ ಚನ್ನಬಸವ್ವ ಕರೆಯುವಾಗ ಕೌದಿ ತಿಂದಾಕಿ.

"ಏ ಕೌದಿ ತಿಂದಾಕಿ, ಹಿತ್ತಲದಾಗಿನ ಕುಳ್ಳು ತಗೊಂಬಾ."

"ಕೌದಿ ತಿಂದಾಕಿನ್ನ ಕಳಸ್ರಿ ಗಿರಣಿಗೆ. ತಿಂದದ್ದರ ಕರಗಲಿ."

ಹೊಸದಾಗಿ ಕೆಲಸಕ್ಕೆ ಬಂದ ಆಳುಮಕ್ಕಳು ವಾರ ಕಳೆಯುವುದರೊಳಗೆ ಅದೇ ಅವಳ ಹೆಸರು ಎಂದು ನಂಬಿಬಿಡುತ್ತಿದ್ದರು. ಕೌದಿಯನ್ನು ಯಾರಾದರೂ ತಿನ್ನುತ್ತಾರೆಯೇ ಎಂದು ಕೇಳಿದವರಿಗೆ ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತ ಕತೆ ಹೇಳುತ್ತಿದ್ದಳು. ಹೇಳಿ ಹೇಳಿ ಕತೆಗೆ ಕೈಕಾಲು ಬೆಳೆದಿದ್ದವು. ಆದರೆ ಅದರಲ್ಲಿ ಬರೆ ಎಳೆದ ಮಾತು ಒಮ್ಮೆಯೂ ಬರುತ್ತಿರಲಿಲ್ಲ. ನೀಲಾ ಬಾಗಿಲ ಮರೆಯಲ್ಲಿ ನಿಂತು ಪ್ರತಿ ಸಲವೂ ಅದಕ್ಕಾಗಿಯೇ ಕಾಯುತ್ತಿದ್ದಳು. ಕತೆ ಮುಗಿಯುತ್ತಿತ್ತು, ಬಂದವರು ನಗುತ್ತಿದ್ದರು, ಅವಳು ತನ್ನ ಬಲ ಮುಂಗೈಯ ಒಳಮೈಯನ್ನು ಎಡಗೈಯಿಂದ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ಐವತ್ತೊಂಬತ್ತರ ಬೇಸಿಗೆಯಲ್ಲಿ ದೊಡ್ಡವ್ವನ ಒಬ್ಬಳೇ ಮಗಳು ಶಿವಬಸವ್ವನ ಲಗ್ನವಾಯಿತು. ಗಂಡನ ಮನೆ ಉಪ್ಪಿನಬೆಟಗೇರಿಯ ದೊಡ್ಡ ಕಮತದ ಮನೆ. ಮಗಳ ಜೊತೆಗೆ ಕಳಿಸುವ ಕೌದಿಯನ್ನು ದಾನವ್ವ ಹೊಲಿದಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಜೋಳದ ಕಾಳು ಇಟ್ಟಷ್ಟು ಅಂತರದಲ್ಲಿ ಹೊಲಿಗೆ ಹಾಕುವ ಆ ಕೈ ಇಡೀ ಓಣಿಯಲ್ಲಿ ಮತ್ತೊಂದಿರಲಿಲ್ಲ.

ಕೌದಿಗೂ ಒಂದು ಹೊಟ್ಟೆ ಇದೆ ಎನ್ನುವುದು ಆ ಕಡೆಯ ಹೆಂಗಸರ ನಂಬಿಕೆ. ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ತೆರೆದಿಟ್ಟುಕೊಂಡು, ರೂಪಾಯಿ ಅಗಲದ ಒಂದು ಹೋಳಿಗೆ ತಟ್ಟಬೇಕು. ತುಪ್ಪ ಹಚ್ಚದೆ ಗರಿಗರಿಯಾಗಿ ಸುಟ್ಟು, ಮುತ್ತಲದೆಲೆಯ ಮೇಲಿಟ್ಟು ಆರತಿ ಬೆಳಗಿ, ಆ ತೆರೆದ ಬಾಯಿಗೆ ಇಟ್ಟು ಹೊಲಿದುಬಿಡಬೇಕು. ಬಾಯಿ ತೆರೆದ ಕೌದಿ ಹೊಸ್ತಿಲು ದಾಟಬಾರದು. ಮೊದಲ ಹೊಲಿಗೆ ಹಾಕಿದ ಕೈಯೇ ಕೊನೆಯ ಹೊಲಿಗೆಯನ್ನೂ ಹಾಕಬೇಕು. ಆರತಿಯಾದ ಹೋಳಿಗೆಗೆ ಬದಲಿ ಇಲ್ಲ, ಕೌದಿಗೆ ಎರಡನೆಯ ಎಡೆ ಇಲ್ಲ. ಹಸಿದ ಕೌದಿಯನ್ನು ಹೊದ್ದವರ ಹೊಟ್ಟೆ ತುಂಬುವುದಿಲ್ಲ, ಮಡಿಲೂ ತುಂಬುವುದಿಲ್ಲ.

ಇದೆಲ್ಲ ಆರು ವರ್ಷದ ನೀಲಾಳಿಗೆ ಏನು ಗೊತ್ತು? ಅವಳಿಗೆ ಗೊತ್ತಿದ್ದದ್ದು ಬೇರೆ. ಮನೆಯಲ್ಲಿ ಹೋಳಿಗೆ ಮಾಡಿದಾಗಲೆಲ್ಲ ಅವ್ವ ಕೊನೆಗೆ ಉಳಿದ ಚೂರು ಕಣಕಕ್ಕೆ ಚೂರು ಹೂರಣ ತುಂಬಿ, ಕಾವಲಿಯ ಅಂಚಿನಲ್ಲಿ ಒಂದು ಪುಟ್ಟ ಹೋಳಿಗೆ ಸುಡುತ್ತಿದ್ದಳು. "ದೊಡ್ಡವರಿಗೆ ದೊಡ್ಡದು, ಇದು ನನ್ನ ಸಣ್ಣಾಕೀದು" ಎಂದು ಅದನ್ನು ಎಲೆಯ ಮೇಲಿಟ್ಟು ಯಾರ ಕಣ್ಣಿಗೂ ಬೀಳದ ಕಡೆ ಇಡುತ್ತಿದ್ದಳು. ದೊಡ್ಡವ್ವನ ಯಜಮಾನಿಕೆಯ ಆ ಮನೆಯಲ್ಲಿ ಅವ್ವ ಮಗಳಿಗೆ ತನ್ನದೆಂದು ಕೊಡಬಹುದಾಗಿದ್ದುದು ಅದೊಂದೇ.

ಲಗ್ನದ ಮರುದಿನ ಬೀಗರ ಊಟವಾಗುವವರೆಗೆ ಮನೆಯ ಮಕ್ಕಳಿಗೆ ಅನ್ನವಿಲ್ಲ. ಅವ್ವ ನಸುಕಿನಿಂದ ಒಲೆಯ ಮುಂದೆ. ಹಸಿವೆಯಿಂದ ಕಣ್ಣು ಕತ್ತಲೆ ಬಂದ ನೀಲಾ ಪಡಸಾಲೆಗೆ ಬಂದಳು. ಕೌದಿ ಹಾಸಿತ್ತು. ಅದರ ಮೂಲೆಯಲ್ಲಿ ಮುತ್ತಲದೆಲೆ, ಎಲೆಯ ಮೇಲೆ ಸಣ್ಣ ಹೋಳಿಗೆ. ಅದು ಯಾರದೆಂದು ಅವಳಿಗೆ ಸಂಶಯವೇ ಬರಲಿಲ್ಲ. ಇಷ್ಟು ಗದ್ದಲದಲ್ಲಿಯೂ ಅವ್ವ ತನ್ನನ್ನು ಮರೆತಿಲ್ಲವಲ್ಲ ಎಂದು ಹಿಗ್ಗಿನಿಂದ ಮುರಿದು ಬಾಯಿಗೆ ಹಾಕಿಕೊಂಡಳು.

ದೊಡ್ಡವ್ವ ನೋಡಿದಳು. ಅಡಿಗೆಮನೆಗೆ ಹೋಗಿ, ಹೋಳಿಗೆ ಮಗುಚುವ ಕಬ್ಬಿಣದ ಸಟ್ಟುಗವನ್ನು ಕೆಂಡದೊಳಗಿಂದ ತೆಗೆದುಕೊಂಡು ಬಂದು, ಹುಡುಗಿಯ ಬಲಗೈ ಹಿಡಿದು ಮುಂಗೈಗೆ ಒತ್ತಿದಳು.

"ಇನ್ನೊಮ್ಮೆ ಈ ಕೈ ಎಲಿಗೆ ಹೋಗೂದಿಲ್ಲ ನೋಡು."

ಅವ್ವ ಓಡಿ ಬಂದಳು. ಮಗಳನ್ನು ಅವಚಿಕೊಂಡಳು. ನಾಲ್ಕು ಮಂದಿಯ ಎದುರು ಆಗ ಅವ್ವ ಏನೆಂದಳು ಎಂದು ನೀಲಾ ಆಮೇಲೆ ಎಷ್ಟು ನೆನಪಿಸಿಕೊಂಡರೂ ಏನೂ ಸಿಗುತ್ತಿರಲಿಲ್ಲ. ಅವ್ವ ಏನೂ ಅಂದಿರಲಿಲ್ಲ. ಅರಿಷಿಣದ ಕೈಯ ಮದುಮಗಳು ಶಿವಕ್ಕನೇ ಬೆಣ್ಣೆ ತಂದು ಬರೆಗೆ ಸವರಿದಳು. ಅವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೀಲಾ ಬಿಕ್ಕುತ್ತ ಬಿಕ್ಕುತ್ತ ಅಲ್ಲೇ ನಿದ್ದೆ ಹೋದ ಮೇಲೆ ಅವ್ವ ಸೂಜಿ ಹಿಡಿದು ಕೌದಿಯ ನಾಲ್ಕನೆಯ ಮೂಲೆ ಮುಚ್ಚಿದಳು. "ನಿದ್ದ್ಯಾಗೂ ಎಡಗೈ ಮುಷ್ಟಿ ಬಿಟ್ಟಿದ್ದಿಲ್ಲ ನೀ" ಎಂದು ಶಿವಕ್ಕ ಎಷ್ಟೋ ವರ್ಷದ ಮೇಲೆ ಹೇಳಿದ್ದಳು.

ಕೌದಿ ಉಪವಾಸ ಹೋಯಿತು ಎಂದು ದೊಡ್ಡವ್ವ ಅಂದೇ ತೀರ್ಪು ಕೊಟ್ಟಳು. ಆಮೇಲೆ ಶಿವಕ್ಕನ ಮೊದಲ ಬಸಿರು ಐದನೆಯ ತಿಂಗಳಿಗೆ ನಿಲ್ಲಲಿಲ್ಲ. ಎರಡನೆಯ ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಆ ದಿನ ಹೆಣ್ಣುಮಕ್ಕಳೆಲ್ಲ ಅಳುತ್ತ ಕುಳಿತ ಪಡಸಾಲೆಯಲ್ಲಿ ದೊಡ್ಡವ್ವ ಎದ್ದುನಿಂತು ನೀಲಾಳತ್ತ ಕೈ ಚಾಚಿದಳು.

"ಇಕಿ ನೋಡ್ರಿ. ಇಕೀ ಹೊಟ್ಟ್ಯಾಗ ಹೋತು ನನ್ನ ಮಗಳ ಕೂಸು."

ಹಾವಿನ ಹಗೆ ಹನ್ನೆರಡು ವರುಷ ಎನ್ನುತ್ತಾರೆ. ನೀಲಾಳ ಹಗೆ ಆ ದಿನ ಹೆಡೆ ಎತ್ತಿತು.

ಮೊದಮೊದಲು ಅವಳ ಸೇಡುಗಳು ಅವಳಷ್ಟೇ ಸಣ್ಣವು. ನಸುಕಿನಲ್ಲಿ ಎದ್ದು ಕರುವನ್ನು ಬಿಟ್ಟುಬಿಡುವಳು. ದೊಡ್ಡವ್ವ ಚರಿಗೆ ಹಿಡಿದು ಹೋಗುವಷ್ಟರಲ್ಲಿ ಆಕಳ ಕೆಚ್ಚಲು ಬತ್ತಿರುತ್ತಿತ್ತು. ದೊಡ್ಡವ್ವನ ಚಪ್ಪಲಿಗಳಲ್ಲಿ ಒಂದನ್ನೇ ಒಯ್ದು ಕುಳ್ಳಿನ ಒಟ್ಟಿಲಿನ ಹಿಂದೆ ಎಸೆಯುವಳು. ಎರಡನ್ನೂ ಎಸೆದರೆ ಕಳ್ಳರೆಂದುಕೊಂಡಾರು. ಒಂದೇ ಹೋದರೆ ಜೀವನಪೂರ್ತಿ ಹುಡುಕುತ್ತಾರೆ. ದೊಡ್ಡವ್ವ ಹುಡುಕಿದಳು ಕೂಡ. ಆದರೆ ಹಾಲು, ಚಪ್ಪಲಿ ಇವುಗಳಿಂದ ಒಳಗಿನ ಉರಿ ಆರುತ್ತಿರಲಿಲ್ಲ. ಸಾಣೆ ಹಿಡಿದಷ್ಟೂ ಕತ್ತಿ ಹರಿತವಾಗುವಂತೆ ಅದು ಇನ್ನಷ್ಟು ಹರಿತವಾಗುತ್ತಿತ್ತು.

ಅರವತ್ತಾರರಲ್ಲಿ ಶಿವಕ್ಕ ಮತ್ತೆ ಬಸುರಾದಳು. ಸೀಮಂತದ ಕುಬಸದ ದಿನ ನೀಲಾಳ ನೆರಳು ಬೀಳಬಾರದೆಂದು ದೊಡ್ಡವ್ವ ಅವಳನ್ನು ಹಿತ್ತಲ ಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕಿದಳು. ಒಳಗೆ ಕುಳಿತ ನೀಲಾ ಹೊರಗೆ ಹಾಡುವ ಹೆಂಗಸರ ದನಿಯಲ್ಲಿ ಅವ್ವನ ದನಿಯನ್ನು ಗುರುತಿಸಿದಳು. ಅವ್ವ ಹಾಡುತ್ತಿದ್ದಳು! ಆ ದಿನ ಅವಳಿಗೆ ದೊಡ್ಡವ್ವನಿಗಿಂತ ಅವ್ವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಈ ಸಲ ಕೂಸು ಉಳಿಯಿತು. ಗಂಡು ಕೂಸು, ದುಂಡಗೆ, ಯಾರು ಬೆರಳು ಕೊಟ್ಟರೂ ಗಟ್ಟಿಯಾಗಿ ಹಿಡಿಯುವಂಥದ್ದು. ಐದನೆಯ ತಿಂಗಳಿಗೆ ಬಾಣಂತಿಯನ್ನೂ ಕೂಸನ್ನೂ ತೊಟ್ಟಿಲ ಸಮೇತ ಉಪ್ಪಿನಬೆಟಗೇರಿಗೆ ಕಳಿಸುವುದೆಂದು ನಿಶ್ಚಯವಾಯಿತು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬಂತು. ತೊಟ್ಟಿಲಿಗೆ ಕೌದಿ ಬೇಕಲ್ಲ. ದೊಡ್ಡವ್ವ ತನ್ನ ಮೆತ್ತನೆಯ ಹಳೆಯ ಇಳಕಲ್ ಸೀರೆಗಳನ್ನು ತಂದು ದಾನವ್ವನ ಮುಂದೆ ಹಾಕಿದಳು.

"ನಿನ್ನ ಕೈಲೇನ ಆಗಲಿ ದಾನಿ. ಆದ್ರ ನಿನ್ನ ಮಗಳನ್ನ ಮಾತ್ರ ದೂರ ಇಡು. ಈ ಸಲ ಏನರೆ ಹೆಚ್ಚುಕಡಿಮಿ ಆತಂದ್ರ ಬರೀ ಕೈ ಅಲ್ಲ, ನಾಲಿಗಿ ಸುಡತೀನಿ."

"ಹೂಂನ್ರಿ ಅಕ್ಕಾರ" ಎಂದಳು ದಾನವ್ವ.

ಅದೇ ತಿಂಗಳು ನೀಲಾಳ ಅಪ್ಪ ಮಡಿವಾಳಪ್ಪನಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತ್ತು. ಅಷ್ಟು ವರ್ಷ ಅಣ್ಣ ದ್ಯಾಮಣ್ಣನ ಅರಳೆ ಅಂಗಡಿಯಲ್ಲಿ ದುಡಿದು, ಅಣ್ಣನ ಮನೆಯಲ್ಲಿ ಉಂಡವನು ಈಗ ಮಿಲ್ಲಿನ ಹಿಂದೆ ಎರಡು ಕೋಣೆಯ ಮನೆ ಹಿಡಿದು, ಹೆಂಡತಿ ಮಗಳನ್ನು ಕರೆಯಲು ಬಂದಿದ್ದ. ದಾನವ್ವ ಹೊರಡಲಿಲ್ಲ. "ಹಿಡದ ಕೌದಿ ನಡುವ ಬಿಡಬಾರದು. ಮುಗಿಸಿ ಬರತೀನಿ, ನೀವು ನಡೀರಿ" ಎಂದು ಅವನನ್ನು ವಾಪಸು ಕಳಿಸಿದಳು. ಬಾಗಿಲು ತೆರೆದಿದ್ದರೂ ಹೊರಗೆ ಹೋಗಲೊಲ್ಲದ ಆಕಳಿನಂತೆ ಕಂಡಳು ಅವ್ವ, ನೀಲಾಳ ಕಣ್ಣಿಗೆ.

ತನ್ನ ಸೇಡನ್ನು ತಾನೇ ತೀರಿಸಿಕೊಳ್ಳಬೇಕು. ಹುಬ್ಬಳ್ಳಿಗೆ ಹೋದರೆ ಮತ್ತೆ ಇಂಥ ದಿನ ಬರುವುದಿಲ್ಲ. ದಾರಿ ಕಣ್ಣ ಮುಂದೆಯೇ ಇತ್ತು. ಹೋಳಿಗೆ ಇಟ್ಟು ಅವ್ವ ಮೂಲೆ ಮುಚ್ಚಿದ ಮೇಲೆ, ಎಲ್ಲರೂ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿದ್ದಾಗ, ಮೂರು ಹೊಲಿಗೆ ಬಿಚ್ಚಿ ಹೋಳಿಗೆ ತೆಗೆದು ಮತ್ತೆ ಹೊಲಿದುಬಿಟ್ಟರೆ ಆಯಿತು. ಯಾರಿಗೂ ತಿಳಿಯುವುದಿಲ್ಲ. ಕೌದಿ ಈ ಸಲ ನಿಜವಾಗಿಯೂ ಉಪವಾಸ ಹೋಗುತ್ತದೆ. ಆಮೇಲೆ ಆಗುವುದೆಲ್ಲ ಆಗಲಿ. ತಿಂದಾಕಿ ಎಂದು ಹೆಸರಿಟ್ಟ ಮೇಲೆ ತಿಂದೇಬಿಡುವುದು ನ್ಯಾಯ.

ಅವ್ವನ ಹೊಲಿಗೆಯನ್ನು ಹಾಗೆಯೇ ಇಳಿಸಲು ಅವಳು ಹಿತ್ತಲ ಕಟ್ಟೆಯ ಮೇಲೆ ಕುಳಿತು ಹಳೆಯ ಅರಿವೆಯ ತುಂಡಿನ ಮೇಲೆ ಕೈ ಪಳಗಿಸುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದವಳು ಹಿಂದೆಯೇ ನಿಂತುಬಿಟ್ಟಳು.

"ಯಾರ ಹೊಲಿಗಿ ಅದು?"

"ನಂದ."

"ನಿಂದು ಎಡಕ್ಕ ವಾಲತೈತಿ. ಇದು ನನ್ನಂಗ ಬಲಕ್ಕ ವಾಲೇತಿ." ಅವ್ವ ಬುಟ್ಟಿ ಇಳಿಸಿದಳು. "ಯಾತಕ್ಕ ಕಲಿಯಾಕತ್ತೀ?"

ನೀಲಾ ಅರಿವೆಯ ತುಂಡನ್ನು ಮಡಿಲಲ್ಲಿ ಮಡಚಿದಳು.

"ಬಿಚ್ಚಿ, ತಗದು, ಮತ್ತ ಹೊಲ್ಯಾಕ?"

"ಹೌದು."

ಅವ್ವ ಅತ್ತಿತ್ತ ನೋಡಿದಳು. ಬೇಲಿಯಾಚೆ ಯಾರೂ ಇರಲಿಲ್ಲ. "ಕೂಸು ಏನ ಮಾಡೇತಿ ನಿನಗ?"

"ಕೂಸು ಅಲ್ಲ. ಕೂಸಿನ ಅಜ್ಜಿ ಮಾಡ್ಯಾಳ."

"ಅಜ್ಜಿ ಹೊದಿಯೂದಿಲ್ಲ ಆ ಕೌದಿ."

"ಹೊದಿಯೂದಿಲ್ಲ. ಆದ್ರ ಅಳತಾಳ."

ಅವ್ವ ಮಗಳ ಮುಖವನ್ನು ತುಂಬ ಹೊತ್ತು ನೋಡಿದಳು, ಸಂತೆಯಲ್ಲಿ ಪರಿಚಯದವರನ್ನು ಕಂಡೂ ಹೆಸರು ನೆನಪಾಗದವರಂತೆ. ಆಮೇಲೆ ಕೈ ಚಾಚಿದಳು. "ಸೂಜಿ ಕೊಡು."

"ನಿನಗ ಸಿಟ್ಟ ಬರೂದ ಇಲ್ಲೇನವಾ? ಒಂದು ದಿನರೆ?"

"ಅರಿವಿ ಹರವಬೇಕು. ಬಿಸಲು ಹೋಗತೈತಿ" ಎಂದಳು ಅವ್ವ. ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಬುಟ್ಟಿ ಎತ್ತಿಕೊಂಡು ಹೋದಳು.

ನೀಲಾಳ ಪಾಟಿಚೀಲದಲ್ಲಿ ಇನ್ನೊಂದು ಸೂಜಿ ಇತ್ತು.

ಕಳಿಸುವ ದಿನ ಬಂತು. ಉಪ್ಪಿನಬೆಟಗೇರಿಯಿಂದ ಎರಡು ಸವಾರಿ ಬಂಡಿಗಳು ಬಂದು ಬೇವಿನ ಮರದ ಕೆಳಗೆ ನಿಂತವು. ಶಿವಕ್ಕನ ಅತ್ತೆ ಬಸಲಿಂಗವ್ವ ತನ್ನ ಭಾರಿ ಮೈಯನ್ನು ನಾಲ್ಕು ಮಂದಿಯ ಕೈಗೆ ಕೊಟ್ಟು ಇಳಿದಳು. "ನಮ್ಮ ಎತ್ತಿಗೆ ಕೇಳ್ರಿ, ನನ್ನ ತೂಕ ಹೇಳತಾವ" ಎಂದು ತಾನೇ ನಕ್ಕಳು. ಊಟವಾಯಿತು. ಗಂಡಸರು ಹೊರಗಟ್ಟೆಯಲ್ಲಿ ಅರಳೆಯ ಧಾರಣೆ ಮಾತಾಡುತ್ತ ಕುಳಿತರು. ಇಳಿಹೊತ್ತಿನೊಳಗೆ ಹೊಸ್ತಿಲು ದಾಟಬೇಕೆಂದು ಅಯ್ಯನವರು ಹೇಳಿದ್ದರು. ದೊಡ್ಡಪ್ಪ ದ್ಯಾಮಣ್ಣ ಮತ್ತೆ ಮತ್ತೆ ಅಂಗಳದ ನೆರಳು ನೋಡುತ್ತಿದ್ದ.

ಪಡಸಾಲೆಯಲ್ಲಿ ಹೆಂಗಸರು ಸುತ್ತುಗಟ್ಟಿದರು. ನಡುವೆ ಕೌದಿ, ಹಸಿರು ಕೆಂಪು ಕಪ್ಪು ಪಟ್ಟೆಗಳು, ನೀರಿನ ಮೇಲೆ ಗಾಳಿ ಆಡಿದ ಹಾಗೆ ಹೊಲಿಗೆಯ ಸಾಲುಗಳು. ತೆರೆದ ಮೂಲೆಯ ಬಳಿ ಮುತ್ತಲದೆಲೆ, ಎಲೆಯ ಮೇಲೆ ರೂಪಾಯಿ ಅಗಲದ ಹೋಳಿಗೆ. ಶಿವಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅವ್ವ ಮೂಲೆಯಲ್ಲಿ, ದಾರ ಪೋಣಿಸಿದ ಸೂಜಿ ಹಿಡಿದು. ಆರತಿ ಬೆಳಗಿದ್ದಾಯಿತು, ಹೋಳಿಗೆಗೆ ಕುಂಕುಮ ಮುಟ್ಟಿಸಿದ್ದಾಯಿತು.

ನೀಲಾ ಬಾಗಿಲಲ್ಲಿ ನಿಂತಿದ್ದಳು, ಕಿಸೆಯಲ್ಲಿ ಸೂಜಿ ಹಿಡಿದುಕೊಂಡು. ದೊಡ್ಡವ್ವನ ಕಣ್ಣು ಅವಳ ಮೇಲೆ ಬಿತ್ತು.

"ಏ, ನೀ ಇಲ್ಯಾಕ ನಿಂತೀ? ಒಳಗ ನಡಿ, ಒಳಗ ನಡಿ." ಬೀಗತಿಯ ಕಡೆ ತಿರುಗಿ ನಕ್ಕಳು. "ನೋಡ್ರಿ ಬೀಗತ್ಯಾರ, ನಾ ಹೇಳಿದ್ದೆನಲ್ಲ, ಇಕೀನ ನಮ್ಮ ಮನಿ ಕೌದಿ ತಿಂದಾಕಿ. ಎಲಿ ಮ್ಯಾಲಿಂದು ಬಿಡ್ರಿ, ಕಟ್ಟಿಗಿ ಇಟ್ಟರೂ ತಿಂತಾಳ. ಈಗೂ ವಾಸನಿ ಹಿಡದ ಬಂದಾಳ."

ಹೆಂಗಸರು ನಕ್ಕರು. ನೀಲಾಳ ಕಿವಿ ಬಿಸಿಯಾಯಿತು. ಅವಳು ತಿರುಗಿ ಒಂದು ಹೆಜ್ಜೆ ಇಟ್ಟಳು.

"ನೀಲಾ, ನಿಂದ್ರು."

ಅವ್ವನ ದನಿ. ಏರಿದ ದನಿಯಲ್ಲ, ಉಪ್ಪು ಕೇಳುವಂಥ ದನಿ. ಅವ್ವ ಸೂಜಿಯನ್ನು ಸೆರಗಿಗೆ ಸಿಕ್ಕಿಸಿದಳು. ಕೌದಿಯ ತೆರೆದ ಬಾಯಿಯ ಮೇಲೆ ಅಂಗೈ ಊರಿದಳು.

"ಇದರ ಬಾಯಿ ನಾ ಮುಚ್ಚೂದಿಲ್ರಿ ಅಕ್ಕಾರ."

ನಗು ಅರ್ಧಕ್ಕೇ ನಿಂತಿತು. ದೊಡ್ಡವ್ವನಿಗೆ ಮೊದಲು ತಿಳಿಯಲೇ ಇಲ್ಲ. "ಏನಂದಿ?"

"ಮುಚ್ಚೂದಿಲ್ಲ ಅಂದೆ."

"ಹುಚ್ಚು ಹಿಡೀತೇನ ನಿನಗ? ಬಂಡಿ ಹೂಡ್ಯಾರ. ಹೊತ್ತು ಮೀರಾಕತ್ತೇತಿ. ಹಾಕು ಹೊಲಿಗಿ."

"ಹಾಕತೀನಿ. ಮೊದಲ ನನ್ನ ಮಗಳಿಗೆ ನಿಮ್ಮ ಕೈಯಾರೆ ಒಂದು ಹೋಳಿಗಿ ತಿನ್ನಸ್ರಿ. ಹಸದ ಹುಡುಗಿಗೆ ಬರಿ ಎಳದ ಕೈ, ಕೌದಿಗೆ ಉಣಸಿದ್ರ ಕೌದಿ ಉಣ್ಣತೈತೇನು?"

"ಬರಿ?" ಬಸಲಿಂಗವ್ವ ಮುಂದೆ ಬಾಗಿದಳು. "ಯಾವ ಬರಿ? ಬರಿ ಮಾತು ನೀವು ಹೇಳಿಲ್ಲಲ್ರಿ ಬೀಗತ್ಯಾರ."

ಅವ್ವ ಮಗಳನ್ನು ಹತ್ತಿರ ಕರೆದಳು. ನೀಲಾಳ ಬಲಗೈ ಹಿಡಿದು ಒಳಮೈ ಮೇಲಾಗಿ ತಿರುಗಿಸಿದಳು. ಸಟ್ಟುಗದ ಅಂಚು ಅಲ್ಲಿ ಹಾಗೆಯೇ ಇತ್ತು. ಮೈ ಬೆಳೆದಂತೆ ಅದೂ ಅಷ್ಟು ಉದ್ದವಾಗಿತ್ತು. ಬೀಗತಿ ಬೆರಳಿನಿಂದ ಅದನ್ನು ಸವರಿದಳು.

"ಎಷ್ಟು ವರ್ಷದಾಕಿ ಇದ್ದಳು ಆವಾಗ?"

"ಆರು."

"ಶಿವನ!" ಎಂದಳು ಬಸಲಿಂಗವ್ವ. ಅವಳ ಮುಖದಲ್ಲಿದ್ದ ನಗು ಪೂರ್ತಿ ಇಳಿಯಿತು. ಇಷ್ಟು ವರ್ಷದ ಕತೆ ಹೇಗೆ ಹೇಳಲ್ಪಟ್ಟಿತ್ತೆಂದು ಅವಳು ನೆನಪಿಸಿಕೊಳ್ಳುತ್ತಿರುವುದು ಎಲ್ಲರಿಗೂ ಕಾಣಿಸಿತು.

ದೊಡ್ಡವ್ವ ಮೊದಲು ಸಿಟ್ಟಾದಳು. ನನ್ನ ಅನ್ನ ಉಂಡವಳು ನನ್ನ ಮನೆಯಲ್ಲೇ ನನಗೆ ಎದುರು ನಿಲ್ಲುತ್ತೀಯಾ ಎಂದಳು. ಬೇರೆ ಯಾರಿಂದಾದರೂ ಹೊಲಿಸುತ್ತೇನೆ ಎಂದು ಸುತ್ತ ನೋಡಿದಳು. ಸುತ್ತ ಕುಳಿತವರೆಲ್ಲ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಮೊದಲ ಹೊಲಿಗೆ ಹಾಕದ ಕೈ ಕೊನೆಯ ಹೊಲಿಗೆ ಹಾಕುವುದುಂಟೆ? ಅದೂ ಎರಡು ಕೂಸು ಹೋದ ಮನೆಯಲ್ಲಿ?

"ಏನ ನಡಸೀರಿ ಒಳಗ?" ಹೊರಗಿನಿಂದ ದೊಡ್ಡಪ್ಪನ ದನಿ. "ನೆರಳು ಕಟ್ಟಿ ಇಳೀತು!"

"ತಿನ್ನಸ್ರಿ ಮತ್ತ" ಎಂದಳು ಬಸಲಿಂಗವ್ವ. "ಒಂದು ಹೋಳಿಗಿಗೆ ಬರ ಬಂತೇನ್ರಿ ಈ ಮನ್ಯಾಗ?"

ದೊಡ್ಡವ್ವ ಎದ್ದಳು. ಅಡಿಗೆಮನೆಗೆ ಹೋಗಿ ತುಪ್ಪ ಸುರಿದ ದೊಡ್ಡ ಹೋಳಿಗೆಯನ್ನು ತಾಟಿನಲ್ಲಿ ತಂದಳು. ಅವ್ವ ತಲೆ ಅಲ್ಲಾಡಿಸಿದಳು.

"ಅದಲ್ರಿ." ಮುತ್ತಲದೆಲೆಯ ಕಡೆ ಗದ್ದ ಚಾಚಿದಳು. "ಇದು. ಇದನ್ನ ತಿಂದಳಂತ ಬರಿ ಎಳದ್ರಿ. ಇದನ್ನ ತಿನ್ನಸ್ರಿ."

"ಅಯ್ಯ! ಮತ್ತ ಕೌದಿಗೆ?"

"ಉಳದ್ರ ಅದಕ್ಕ."

ಆರತಿಯಾದ ಹೋಳಿಗೆ. ಬದಲಿ ಇಲ್ಲದ್ದು. ದೊಡ್ಡವ್ವ ಎಲೆಯನ್ನು ನೋಡಿದಳು, ಮಗಳ ತೊಡೆಯ ಮೇಲಿನ ಕೂಸನ್ನು ನೋಡಿದಳು, ಕೊನೆಗೆ ನೀಲಾಳನ್ನು ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಕೆಲಸ ಹೇಳುವುದಕ್ಕಲ್ಲದೆ ನೋಡಿದಳು. ಹೋಳಿಗೆಯನ್ನು ಎರಡು ಬೆರಳಲ್ಲಿ ಎತ್ತಿದಳು.

"ತಗೋ" ಎಂದಳು.

ನೀಲಾ ಬಾಯಿ ತೆರೆಯಲಿಲ್ಲ.

"ಹೆಸರು ಹಿಡದು ಕರೀರಿ" ಎಂದಳು ಅವ್ವ. "ಹೆಸರೈತಿ ಅಕೀಗೆ."

ದೊಡ್ಡವ್ವನ ತುಟಿಗಳು ಎರಡು ಸಲ ಅಲುಗಿದವು. ಹೆಸರು ಮರೆತೇ ಹೋಗಿದೆಯೇನೋ ಎಂದು ನೀಲಾಳಿಗೆ ಒಂದು ಕ್ಷಣ ಅನ್ನಿಸಿತು.

"ನೀಲವ್ವಾ... ತಿನ್ನವಾ, ನನ್ನವ್ವಾ."

ನೀಲಾ ಬಾಯಿ ತೆರೆದಳು. ಹೋಳಿಗೆ ಗರಿಗರಿಯಾಗಿತ್ತು, ಕಚ್ಚಿದಾಗ ಸದ್ದಾಯಿತು. ಅವಳು ಮೆಲ್ಲಗೆ ಅಗಿದಳು. ಎಲ್ಲಿಯೂ ಅವಸರ ಮಾಡಲಿಲ್ಲ. ದೊಡ್ಡವ್ವನ ಕಣ್ಣು ಅವಳ ದವಡೆಯ ಜೊತೆಗೇ ಮೇಲೆ ಕೆಳಗೆ ಆಡುತ್ತಿತ್ತು. ಇನ್ನೊಂದು ತುತ್ತು, ಮುಗಿಯಿತು. ಕೌದಿ ಉಪವಾಸ. ಕದಿಯುವುದು ಬೇಕಿಲ್ಲ, ಬಿಚ್ಚುವುದು ಬೇಕಿಲ್ಲ. ದೊಡ್ಡವ್ವನ ಕೈಯಿಂದಲೇ, ನಾಲ್ಕು ಮಂದಿಯ ಎದುರೇ. ಏಳು ವರ್ಷ ಕನಸಿನಲ್ಲಿಯೂ ಇಷ್ಟು ಚೆಂದದ ಸೇಡು ಅವಳಿಗೆ ಹೊಳೆದಿರಲಿಲ್ಲ. ಅವಳು ಅವ್ವನತ್ತ ನೋಡಿದಳು. ಅವ್ವ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕೌದಿಯ ಬಾಯಿಯ ಮೇಲಿನ ಕೈ ಮಾತ್ರ ತೆಗೆದಳು.

ಶಿವಕ್ಕ ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ನೀಲಾ ತಿಂದೇಬಿಡುತ್ತಿದ್ದಳೇನೋ. ಅವಳು ನೀಲಾಳ ಮುಂಗೈಯನ್ನು ನೋಡುತ್ತಿದ್ದಳು, ಅರಿಷಿಣದ ಕೈಯಿಂದ ತಾನು ಬೆಣ್ಣೆ ಸವರಿದ್ದ ಜಾಗವನ್ನು. ಕೂಸು ತನ್ನ ಮುಷ್ಟಿಯನ್ನು ಬಾಯಿಗೆ ತುರುಕಿಕೊಳ್ಳಲು ಹೆಣಗುತ್ತಿತ್ತು.

ನೀಲಾ ದೊಡ್ಡವ್ವನ ಬೆರಳುಗಳಿಂದ ಉಳಿದ ಹೋಳಿಗೆಯನ್ನು ತೆಗೆದುಕೊಂಡಳು. ಅದರಲ್ಲೂ ಒಂದು ಚೂರು ಕಚ್ಚಿದಳು, ದೊಡ್ಡವ್ವ ಸಣ್ಣಗೆ ಚೀರುವ ಹಾಗೆ. ಆಮೇಲೆ ಬಾಗಿ, ಉಗುರಗಲದ ಆ ತುಣುಕನ್ನು, ತನ್ನ ಹಲ್ಲಿನ ಗುರುತು ಇದ್ದ ಹಾಗೆಯೇ, ಕೌದಿಯ ಬಾಯೊಳಗೆ ಬೆರಳಿನಿಂದ ಆಳಕ್ಕೆ ತಳ್ಳಿದಳು.

"ಎಂಜಲ!" ದೊಡ್ಡವ್ವ ಕೂಗಿಕೊಂಡಳು. "ಎಂಜಲ ಇಟ್ಟಳ್ರೀ! ತಗೀ, ತಗೀ ದಾನೀ..."

ಅವ್ವನ ಸೂಜಿ ಆಗಲೇ ಒಳಗೆ ಹೋಗಿತ್ತು. ಒಂದು, ಎರಡು, ಮೂರು. ಗಂಟು ಹಾಕಿ, ಬಾಗಿ, ದಾರವನ್ನು ಹಲ್ಲಿನಿಂದ ಕಡಿದಳು.

"ಆತ್ರಿ ಅಕ್ಕಾರ. ಹೊಟ್ಟಿ ತುಂಬೇತಿ. ಇನ್ನ ಬಿಚ್ಚಿದ್ರ ನಿಮ್ಮ ಕೈಲೇ ಬಿಚ್ಚಬೇಕು."

ದೊಡ್ಡವ್ವನ ಕೈ ಕೌದಿಯವರೆಗೆ ಹೋಯಿತು. ಅಲ್ಲಿಯೇ ನಿಂತಿತು. ತುಂಬಿದ ಹೊಟ್ಟೆಯನ್ನು ಬಗೆಯುವ ಧೈರ್ಯ ಯಾವ ಅಜ್ಜಿಗಿದೆ? ಕೈ ಹಿಂದಕ್ಕೆ ಬಂತು, ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿನೊಳಗೆ ಹೋಯಿತು.

ಬಸಲಿಂಗವ್ವ ಕೌದಿಯನ್ನು ತಾನೇ ಎತ್ತಿ ಕೊಡವಿದಳು. "ನನ್ನ ಮೊಮ್ಮಗ ದಿನಾ ಊರಿನ ಹುಡುಗರ ಎಂಜಲಾನ ತಿಂದು ಬೆಳೆಯಾಂವ. ಇವತ್ತಿಂದ ಸುರು ಆಗಲಿ" ಎಂದು ಕೂಸಿಗೆ ಸುತ್ತಿದಳು. "ಏಳು ಶಿವಬಸವ್ವಾ." ಹೋಗುವಾಗ ಬೀಗತಿಗೆ ಹೋಗಿಬರತೀನಿ ಎಂದು ಹೇಳಿದಳೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ. ಶಿವಕ್ಕ ಮಾತ್ರ ಹೊಸ್ತಿಲ ಬಳಿ ನಿಂತು, ಕೌದಿಯೊಳಗಿನಿಂದ ಕೂಸಿನ ಕೈ ತೆಗೆದು ನೀಲಾಳ ಬೆರಳಿಗೆ ಕೊಟ್ಟಳು. ಅದು ಗಟ್ಟಿಯಾಗಿ ಹಿಡಿಯಿತು.

ಮರುದಿನ ತಾಯಿ ಮಗಳು ಒಂದು ಟ್ರಂಕು, ಒಂದು ಬುತ್ತಿಗಂಟು ಹಿಡಿದು ಧಾರವಾಡದಿಂದ ಹುಬ್ಬಳ್ಳಿಯ ರೈಲುಗಾಡಿ ಹತ್ತಿದರು. ಕಳಿಸಲು ಯಾರೂ ಬಾಗಿಲಿಗೆ ಬರಲಿಲ್ಲ. ನವಲೂರಿನಲ್ಲಿ ಪೇರಲ ಹಣ್ಣಿನವರು ಕಿಟಕಿಗೆ ಮುತ್ತಿ ಹೋದ ಮೇಲೆ ನೀಲಾ ಕೇಳಿದಳು.

"ಶಿವಕ್ಕನ ಲಗ್ನದ ಕೌದಿ ಖರೇನ ಉಪವಾಸ ಇತ್ತೇನವಾ?"

"ಇಲ್ಲ."

"ಮತ್ತ?"

"ನಿನ್ನ ಎಡಗೈ ಮುಷ್ಟ್ಯಾಗ ಒಂದು ತುಣುಕು ಉಳದಿತ್ತು. ಬಿಡಿಸಿ ತಗದು, ಅದನ್ನ ಇಟ್ಟು ಹೊಲದೆ."

ಗಾಡಿ ಸೇತುವೆಯ ಮೇಲೆ ಸದ್ದು ಮಾಡಿ ದಾಟಿತು. "ದೊಡ್ಡವ್ವಗ ಹೇಳಲಿಲ್ಲ ಯಾಕ?"

"ಹೇಳಿದ್ರ ಅವತ್ತ ಬಿಚ್ಚಿಸತಿದ್ಲು."

"ಆಮ್ಯಾಲ?"

ಅವ್ವ ಕಿಟಕಿಯ ಹೊರಗೆ ನೋಡಿದಳು. "ಆಮ್ಯಾಲ ಅಕಿ ಅಂಜಲಿ ಅಂತ ಬಿಟ್ಟೆ. ಮಗಳು ಬಸರಾದಾಗೊಮ್ಮೆ ಅಕೀ ಮಾರಿ ನೋಡತಿದ್ದೆ. ನನಗ ಅಷ್ಟ ಸಾಕಾಗತಿತ್ತು."

ಅಂದರೆ ಕುಬಸದ ದಿನ ಅವ್ವ ಹಾಡಿದ್ದು ಅದಕ್ಕೆ. ಅವ್ವನಿಗೆ ಸಿಟ್ಟು ಬರುವುದಿಲ್ಲ ಎಂದುಕೊಂಡಿದ್ದಳು ತಾನು. ನೀಲಾ ಲೆಕ್ಕ ಹಾಕಿದಳು: ಅವ್ವ ಒಂದು ಮಾತು ಹೇಳಿದ್ದರೆ ಆ ಹೆಸರು ತನಗೆ ಅಂಟುತ್ತಿರಲಿಲ್ಲ. ಚಿಲಕ ಬೀಳುತ್ತಿರಲಿಲ್ಲ. ಕೂಸು ಸತ್ತ ದಿನ ಎಲ್ಲರ ಕಣ್ಣು ತನ್ನ ಹೊಟ್ಟೆಯ ಮೇಲೆ ಬೀಳುತ್ತಿರಲಿಲ್ಲ. ಅವ್ವನ ಸೇಡಿನ ಒಲೆಗೆ ಇಷ್ಟು ವರ್ಷ ತಾನೂ ಕಟ್ಟಿಗೆಯಾಗಿದ್ದಳು.

"ನಿನಗ ಭಾಳ ಆತು" ಎಂದಳು ಅವ್ವ, ಹೊರಗೆ ನೋಡುತ್ತಲೇ. "ಗೊತ್ತೈತಿ ನನಗ."

ಅವ್ವ ಬುತ್ತಿಗಂಟು ಬಿಚ್ಚಿದಳು. ರೊಟ್ಟಿಗಳ ಮೇಲೆ, ಮುತ್ತಲದೆಲೆಯಲ್ಲಿ ಸುತ್ತಿ, ಅಂಗೈಯಗಲದ ಒಂದು ಪುಟ್ಟ ಹೋಳಿಗೆ. ಅವ್ವ ಅದನ್ನು ಮಗಳ ತೊಡೆಯ ಮೇಲಿಟ್ಟಳು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ.

ನೀಲಾ ಹೋಳಿಗೆಯನ್ನು ಎತ್ತಿಕೊಂಡಳು. ಹುಬ್ಬಳ್ಳಿಯ ಮಿಲ್ಲುಗಳ ಚಿಮಣಿ ಕಾಣುವವರೆಗೆ ಅದನ್ನು ಸಾವಕಾಶವಾಗಿ ಪೂರ್ತಿ ತಿಂದಳು. ಅವ್ವನಿಗೆಂದು ಒಂದು ತುಣುಕೂ ಉಳಿಸಲಿಲ್ಲ. ಅವ್ವ ಕೇಳಲೂ ಇಲ್ಲ.